ಮೂರನೆಯ ತಿರುವಿನಲ್ಲಿ ಹಳದಿ ಬಾವುಟ

ವಾರಕ್ಕಾರು ದಿನ ನಾನು ಯಲಹಂಕದ ಬಸ್ಸು ಓಡಿಸುವವನು.
ಬಸ್ಸಿಗೆ ತಿರುವೆಂದರೆ ಆಗದು.
ಹೆಬ್ಬಾಳದ ಮೇಲುಸೇತುವೆಯಲ್ಲಿ ಅದು ಹೊರಕ್ಕೆ ವಾಲುತ್ತದೆ,
ಕಂಬಿ ಹಿಡಿದು ನಿಂತ ಅರವತ್ತು ಮಂದಿ
ಒಬ್ಬರ ಮೇಲೊಬ್ಬರು ಬಿದ್ದು ನನ್ನನ್ನು ಬೈಯುತ್ತಾರೆ.

ವರ್ಷದಲ್ಲೊಂದು ಭಾನುವಾರ ಮಾತ್ರ
ಜಕ್ಕೂರಿನಾಚೆ, ವಿಮಾನಗಳು ಮರೆತ ರನ್‌ವೇ ತುಂಡಿನಲ್ಲಿ
ಮುದಿ ಬೈಕುಗಳ ರೇಸು.
ನನಗೆ ಕೊಟ್ಟದ್ದು ಮೂರನೆಯ ತಿರುವು,
ಒಂದು ಹಳದಿ ಬಾವುಟ, ಒಂದು ಸೀಟಿ, ಇಡ್ಲಿ ಪೊಟ್ಟಣ.
ಎದುರಿಗೆ ಹಳೆಯ ಟೈರಿನ ಗೋಡೆ,
ಡಾಂಬರಿನ ಬಿರುಕಲ್ಲಿ ಮುಟ್ಟಿದರೆ ಮುನಿ.
ಗಾಳಿಯಲ್ಲಿ ಹರಳೆಣ್ಣೆ ಸುಟ್ಟ ವಾಸನೆ:
ಅಜ್ಜಿ ನನ್ನ ನೆತ್ತಿಗೆ ತಟ್ಟುತ್ತಿದ್ದದ್ದೇ,
ಈಗ ಪಿಸ್ಟನ್ನಿನ ನೆತ್ತಿಗೆ.

ಒಂದೇ ತಿರುವನ್ನು ಇಡೀ ದಿನ ನೋಡಿದರೆ
ಮುಖ ಕಾಣದ ಮನುಷ್ಯರೂ ಗುರುತಾಗುತ್ತಾರೆ.
ಹನ್ನೊಂದನೆಯ ನಂಬರಿನವನು ಕೊನೆಗಳಿಗೆಯಲ್ಲಿ ಬ್ರೇಕು ಹಿಡಿದು
ಬಾಡಿಗೆ ಕೇಳಲು ಬಂದ ಮಾಲೀಕನನ್ನು ಕಂಡವನ ಹಾಗೆ
ಒಳಕ್ಕೆ ನುಗ್ಗುತ್ತಾನೆ.
ಬುಲೆಟ್ಟಿನ ಪೊನ್ನಪ್ಪ ತಿರುವಿಗೆ ಮೊದಲೇ ಎಲ್ಲ ಮುಗಿಸಿ,
ವೇಗ ಇಳಿಸಿ, ಗೇರು ಇಳಿಸಿ, ಸೀಟಿನಂಚಿಗೆ ಜರುಗಿ,
ಊಟಕ್ಕೆ ಕೂತವನ ಹಾಗೆ ನಿಧಾನ ವಾಲುತ್ತಾನೆ.
ಆರ್‌ಎಕ್ಸಿನ ಹುಡುಗಿ ಬೈಕನ್ನಷ್ಟೇ ವಾಲಿಸಿ
ತಾನು ನೆಟ್ಟಗಿರುತ್ತಾಳೆ,
ಜಗಳದ ನಡುವೆ ಕೂತ ನಾದಿನಿ.

ಮೂವತ್ತೇಳು ಇಫ್ತಿಕಾರ್ ಸಾಬರು.
ಶಿವಾಜಿನಗರದ ಗುಜರಿ ಬೀದಿಯಲ್ಲಿ ಲೇತು. ವಯಸ್ಸು ಎಪ್ಪತ್ತೊಂದು,
ಯೆಜ್ಡಿ ಅವರಿಗಿಂತ ಇಪ್ಪತ್ತು ವರ್ಷಕ್ಕೆ ಚಿಕ್ಕದು.
ಕಿಕ್ಕರೇ ಗೇರಾಗುವ ಜಾತಿ.
ಸೈಡ್‌ಸ್ಟ್ಯಾಂಡು ಬಿಚ್ಚಿ ಗೋಣಿಯಲ್ಲಿಟ್ಟಿದ್ದಾರೆ,
ಹೆಡ್‌ಲೈಟಿಗೆ ಬಿಳಿ ಟೇಪು,
ಕಣ್ಣಿನ ಆಪರೇಷನ್ ಆದವರ ಹಾಗೆ.

ಬೆಳಿಗ್ಗೆ ಟೀ ಕುಡಿಯುತ್ತ ಕೇಳಿದ್ದೆ:
ಬಲಕ್ಕೆ ತಿರುಗೋದು ಹೇಗೆ, ಸಾಬ್?
"ಬಲಗೈ ಮುಂದಕ್ಕೆ ತಳ್ಳು."
ತಳ್ಳಿದರೆ ಹ್ಯಾಂಡಲ್ಲು ಎಡಕ್ಕಲ್ಲವಾ?
"ಎಡಕ್ಕೇ. ಅದಕ್ಕೇ ಗಾಡಿ ಬಲಕ್ಕೆ ಬೀಳತ್ತೆ.
ನಿಲ್ಲಿಸೋಕೆ ಹೋಗಬೇಡ. ಬೀಳ್ತಾನೇ ಹೋಗೋದು, ಅಷ್ಟೇ."
ಬಿಸ್ಕತ್ತನ್ನು ಟೀಯಲ್ಲಿ ಅದ್ದಿದರು.
ಅದೂ ಬಿತ್ತು. ನಕ್ಕರು.

ಮಧ್ಯಾಹ್ನ ಮೂರೂವರೆ, ಐದನೆಯ ಸುತ್ತು.
ಡ್ರಮ್ ಬ್ರೇಕುಗಳು ಕಾದು ಸುಸ್ತಾಗಿ
ಹಿಡಿದರೂ ಹಿಡಿಯದ ಹೊತ್ತು.
ಮೂವತ್ತೇಳು ಬಂದದ್ದು ಜಾಸ್ತಿ ವೇಗದಲ್ಲಿ.
ಅವರ ಬಲಪಾದ ಪೆಡಲನ್ನು ಎರಡು ಸಲ ತುಳಿಯಿತು,
ಖಾಲಿ ಕೊಡವನ್ನು ತಟ್ಟಿ ನೋಡುವವರ ಹಾಗೆ.
ಆ ತುಳಿತ ನನಗೆ ಗೊತ್ತು. ನನ್ನ ಕಾಲೂ
ನಿಂತಲ್ಲೇ ಹುಲ್ಲನ್ನು ತುಳಿಯಿತು.

ಅವರೆದುರಿಗೆ ಟೈರಿನ ಗೋಡೆ.
ಅದನ್ನು ನೋಡಿದ್ದರೆ ಅದಕ್ಕೇ ಬರುತ್ತಿದ್ದರು,
ಹೊಸದಾಗಿ ಕಲಿಯುವಾಗ ನಾನು
ಗುಂಡಿ ತಪ್ಪಿಸಲು ಗುಂಡಿಯನ್ನೇ ನೋಡಿ
ಗುಂಡಿಗೇ ಇಳಿಸಿದ ಹಾಗೆ.
ಹೆಲ್ಮೆಟ್ಟು ಹೊರಳಿತು
ಇನ್ನೂ ಬಾರದ ದಾರಿಯ ಕಡೆಗೆ,
ದೂರದ ನೀಲಗಿರಿ ಮರದ ಕಡೆಗೆ.
ಗದ್ದ, ಆಮೇಲೆ ಭುಜ, ಆಮೇಲೆ ಮೊಣಕಾಲು,
ಕೊನೆಗೆ ಬೈಕು, ಒಲ್ಲದ ಕರು.
ಸೈಲೆನ್ಸರ್ ನೆಲಕ್ಕೆ ತಾಗಿ ಕಿಡಿ.
ಹಿಂದಿನ ಚಕ್ರ ಒಂದು ಗೇಣು ಜಾರಿ
ಏನೋ ನೆನಪಾದಂತೆ
ನೆಲ ಕಚ್ಚಿತು.

ಬಾವುಟ ಎತ್ತಿದ್ದೆನೋ ಇಲ್ಲವೋ.
ಅಂಗೈಯಲ್ಲಿ ಕೋಲಿನ ಅಚ್ಚು ಮಾತ್ರ ಇತ್ತು.

ಸಾಬರಿಗೆ ಏಳನೆಯ ಸ್ಥಾನ, ಎಂಟು ಜನರಲ್ಲಿ.
ಸವೆದ ಜಾಗವನ್ನು ಹೆಬ್ಬೆರಳಿಂದ ಒರೆಸಿ
"ಇಷ್ಟು ಕ್ರೋಮು ಹೋಯ್ತಲ್ಲ" ಎಂದರು.
ಅದೊಂದೇ ಮಾತು.

ಸೋಮವಾರ, ಹೆಬ್ಬಾಳ.
ಬಸ್ಸು ಎಂದಿನಂತೆ ಹೊರಕ್ಕೆ ವಾಲಿತು.
ನಾನು ಒಳಕ್ಕೆ, ಸೀಟಿನಲ್ಲೇ, ಗದ್ದ ಮೊದಲು.
"ಏನಣ್ಣ, ಕತ್ತು ಹಿಡ್ಕೊಂಡಿದೆಯಾ?"
ಚಿಲ್ಲರೆ ಎಣಿಸುತ್ತ ಕೇಳಿದಳು
ಕಂಡಕ್ಟರ್ ರೇಣವ್ವ.