ಆಕ್ಷೇಪಣೆ ಸಲ್ಲಿಸಲು ಕೊನೆಯ ದಿನ

ಡಿ.ಸಿ. ಕಚೇರಿ ಕಾಂಪೌಂಡಿನ ಹೊಂಗೆ ಮರದ ಕೆಳಗೆ
ನನ್ನ ಮೇಜು, ಒಂದು ಲ್ಯಾಪ್‌ಟಾಪು, ಕೆಮ್ಮುವ ಪ್ರಿಂಟರು,
ಎದುರಿನ ಜೆರಾಕ್ಸ್ ಅಂಗಡಿಯಿಂದ ಎಳೆದ ವೈರು.
ಅರ್ಜಿಗೆ ಮೂವತ್ತು. ವಿಧವಾ ವೇತನಕ್ಕೆ ಇಪ್ಪತ್ತು.
ಪಹಣಿ ತಿದ್ದುಪಡಿ, ಹಕ್ಕುಪತ್ರ, ಕಳೆದುಹೋದ ರೇಷನ್ ಕಾರ್ಡು,
ದಾವಣಗೆರೆಯ ಸಂಕಟವೆಲ್ಲ ನನಗೆ ಬಾಯಿಪಾಠ:
‘ಮಾನ್ಯರೇ’ ಇಂದ ಶುರು, ‘ತಮ್ಮ ವಿಶ್ವಾಸಿ’ಗೆ ಮುಕ್ತಾಯ.

ಅವಳು ತಂದದ್ದು ಆ ಪೈಕಿ ಯಾವುದೂ ಅಲ್ಲ.
ಮಂಡಕ್ಕಿ ಭಟ್ಟಿ ಕಡೆಯ ಜುಬೇದಾಬಿ,
ಮೈಗೆಲ್ಲ ಹೊಟ್ಟಿನ ಹೊಗೆಯ ವಾಸನೆ, ಮಡಿಲಲ್ಲಿ ಮಗು,
ಕೈಯಲ್ಲಿ ಆಶಾ ಕಾರ್ಯಕರ್ತೆ ಕೊಟ್ಟ ಕರಡು ಮಸೂದೆ:
ಶಿಶುಗಳ ಹಠಾತ್ ಮರಣ ತಡೆ ಮತ್ತು ಗೃಹ ನಿಗಾ.
ಸಾರ್ವಜನಿಕರ ಅಭಿಪ್ರಾಯ ಇಂದು ಸಂಜೆ ಐದೂವರೆಯೊಳಗೆ.

‘ಓದಿ ಹೇಳಣ್ಣ’ ಎಂದಳು. ಓದಿದೆ.
ಕಲಂ ಮೂರು: ಒಂದು ಶಿಶುವನ್ನು ಕಳೆದುಕೊಂಡ ಮನೆಗೆ
ಮುಂದಿನ ಶಿಶು ಜನಿಸಿದೊಡನೆ
ಉಸಿರು ಕಾಯುವ ಯಂತ್ರ, ಉಚಿತ.
ಕಲಂ ಒಂಬತ್ತು: ಸದರಿ ಯಂತ್ರವನ್ನು ತೊಡಿಸದ ಪೋಷಕರು
ನಿರ್ಲಕ್ಷ್ಯ ಎಸಗಿದವರೆಂದು ಭಾವಿಸತಕ್ಕದ್ದು.

ಭಾವಿಸತಕ್ಕದ್ದು.
ಇಪ್ಪತ್ತೆರಡು ವರ್ಷ ಈ ಪದವನ್ನು ಕುಟ್ಟಿದ್ದೇನೆ,
ಅದಕ್ಕೆ ಹಲ್ಲಿರುವುದು ಕಂಡದ್ದು ಅವತ್ತೇ.

‘ಮೊದಲ್ನೇದಕ್ಕೆ ಎಪ್ಪತ್ತೊಂದು ದಿನ ಆಗಿತ್ತಣ್ಣ.
ನರ್ಸಮ್ಮ ಹೇಳಿದಂಗೆ ಅಂಗಾತಾನೇ ಮಲಗಿಸಿದ್ದೆ.
ದಿಂಬಿಲ್ಲ, ದುಪ್ಪಟಿ ಇಲ್ಲ, ಮನ್ಯಾಗೆ ಬೀಡಿ ಸೇದೋರೂ ಇಲ್ಲ.
ಮೂರಕ್ಕೆ ನಮ್ಮೋರು ಭಟ್ಟಿಗೆ ಹೋಗುವಾಗ ಕಾಲು ಆಡಿಸ್ತಿತ್ತು.
ಐದಕ್ಕೆ ಹಾಲಿಗಂತ ಎತ್ಕೊಂಡೆ…’

ಮುಂದೆ ಹೇಳಲಿಲ್ಲ. ಸರ್ಟಿಫಿಕೇಟು ತೆಗೆದಿಟ್ಟಳು.
ಮರಣದ ಕಾರಣ: ತಿಳಿದುಬಂದಿಲ್ಲ.
ಲ್ಯಾಮಿನೇಟ್ ಮಾಡಿಸಿದ್ದಾಳೆ.

‘ಇದಕ್ಕೆ ಮಿಷನ್ ಕೊಟ್ಟಾರೆ, ಈಗ್ಲೇ, ಪರೀಕ್ಷೆಗಂತ.
ಒಂದೇ ರಾತ್ರಿ ಹನ್ನೊಂದು ಸಲ ಕೂಗ್ತು.
ಹನ್ನೊಂದು ಸಲಾನೂ ಕೂಸು ಆರಾಮಾಗಿತ್ತು, ಸತ್ತಿದ್ದು ನಾನು.
ಹನ್ನೆರಡನೇ ಸಲ ಯಾಕೆ ಕೂಗ್ಲಿಲ್ಲ ಅಂತ ಎದ್ದು ಕುಂತೆ.
ಕರೆಂಟು ಹೋದ್ರೆ ಅದೂ ಮಲಗ್ತೈತಿ.
ಆದ್ರೂ ವಾಪಸ್ ಕೊಡಾಕೆ ಕೈ ಬರ್ತಿಲ್ಲಣ್ಣ.’

ನಮೂನೆಯಲ್ಲಿ ಎರಡೇ ಚೌಕ: ಬೆಂಬಲ, ಆಕ್ಷೇಪಣೆ.
ಯಾವುದಕ್ಕೆ ಗುರುತು ಹಾಕಲಿ ಎಂದೆ.
ಬಗ್ಗಿ ನೋಡಿ ಎರಡರ ನಡುವೆ ಬೆರಳಿಟ್ಟಳು:
‘ಇಲ್ಲಿ ಜಾಗ ಐತಲ್ಲ.’

‘ಮಾನ್ಯರೇ’ ಎಂದು ಹೊಡೆದೆ. ಮುಂದೆ ಹೋಗಲಿಲ್ಲ.
ಅಷ್ಟರಲ್ಲಿ ಕರೆಂಟು ಹೋಯಿತು,
ಮೇಜಿನ ಕೆಳಗಿದ್ದ ಯು.ಪಿ.ಎಸ್. ಕುಂಯ್ ಕುಂಯ್ ಎಂದು ಬಡಿದುಕೊಂಡಿತು.

ಅವಳಿಗೆ ಅದು ಯು.ಪಿ.ಎಸ್. ಅಲ್ಲ.
ಎರಡು ಬೆರಳು ಆಗಲೇ ಮಗುವಿನ ಮೂಗಿನ ಕೆಳಗೆ.
ಸಾಲಿನಲ್ಲಿದ್ದ ಪಹಣಿಯ ಮುದುಕ ಮಾತು ನುಂಗಿದ,
ಜಾತಿ ಪ್ರಮಾಣಪತ್ರದ ಹುಡುಗ ಫೋನು ಕಿವಿಯಿಂದ ಇಳಿಸಿದ,
ಯಾರೂ ಉಸಿರೆತ್ತಲಿಲ್ಲ.
ಒಂದು ಉಸಿರಿಗೋಸ್ಕರ ಅಷ್ಟು ಜನ
ತಮ್ಮದನ್ನು ಬಿಗಿಹಿಡಿದು ನಿಂತಿದ್ದೆವು.

ಮಗು ಸೀನಿತು.

ಆಮೇಲೆ ಪೆನ್ನಿನಲ್ಲೇ ಬರೆದೆ:
ಕಲಂ ಒಂಬತ್ತರಿಂದ ‘ನಿರ್ಲಕ್ಷ್ಯ’ ಎಂಬ ಪದವನ್ನು ಕೈಬಿಡುವುದು.
ಯಂತ್ರ ಕೊಡುವುದಾದರೆ ಬ್ಯಾಟರಿ ಇರುವಂಥದ್ದು ಕೊಡುವುದು.
ಕೂಗಿದಾಗ ಓಡಿಬರಲು ಒಬ್ಬರನ್ನೂ ಒದಗಿಸುವುದು.
ಸದರಿ ಅರ್ಜಿದಾರಳು ಎಂಟು ವಾರದಿಂದ ನಿದ್ದೆ ಮಾಡಿರುವುದಿಲ್ಲ.
ಕಡೆಯದು ಯಾವ ಕಲಮಿಗೆ ಸೇರುತ್ತದೋ ತಿಳಿಯದೆ
ಕೆಳಗೆ, ವಿಶೇಷ ಸೂಚನೆ ಅಂತ ಹಾಕಿದೆ.

ಐದೂ ಇಪ್ಪತ್ತಕ್ಕೆ ಟಪಾಲು ವಿಭಾಗದಲ್ಲಿ ಸೀಲು ಬಿತ್ತು, ತಾರೀಖು ಕಲಸಿಹೋಗಿತ್ತು.
ದುಡ್ಡು ಬೇಡವೆಂದರೆ ಕೇಳಲಿಲ್ಲ,
ಪೇಪರಿನಲ್ಲಿ ಸುತ್ತಿದ ಒಂದು ಸೇರು ಮಂಡಕ್ಕಿ ಮೇಜಿನ ಮೇಲಿಟ್ಟು ಹೋದಳು.

ರಾತ್ರಿ ಮೂರಕ್ಕೆ ಎಚ್ಚರವಾಯಿತು,
ಭಟ್ಟಿಗೆ ಬೆಂಕಿ ಹಾಕುವ ಹೊತ್ತು.
ಪಕ್ಕದಲ್ಲಿ ಹೆಂಡತಿಯ ಗೊರಕೆ,
ಇಷ್ಟು ವರ್ಷ ಬೈದುಕೊಂಡೇ ಕೇಳಿದ್ದು.
ಅವತ್ತು ಒಂದೊಂದನ್ನೂ ಎಣಿಸುತ್ತ ಮಲಗಿದ್ದೆ.