ಕಾಟಾ ಚೀಟಿ

ಉದ್ಯಮಬಾಗದ ಮೂರನೇ ತಿರುವಿಗೆ ನಮ್ಮ ಕಾಟಾ.
ಕಟ್ಟಿಸಿದವರು ಪಂಪಿನ ಕಾರಖಾನೆಯವರು,
ದಿನಕ್ಕ ಅವರವು ನಾಕ ಗಾಡಿ.
ಉಳಿದ ಹೊತ್ತು ಕಬ್ಬಿಣದ ಹಾಸಿನ ಮ್ಯಾಲೆ
ನಾಯಿ ಮಲಗತಿತ್ತು, ಅಂಕಿ ಹೊರಳಸದ.
ಈಗ ಗೇಟು ತಗದಾರ; ಯಾರರೆ ಬರಲಿ, ನಲವತ್ತು ರೂಪಾಯಿ.
ನಾಯಿ ಗೋಡಿ ಬುಡಕ್ಕ ಸರದೈತಿ.

ಮಂಗಳವಾರ, ಶುಕ್ರವಾರ ಸಿದರಾಯಿ ಬರತಾನ
ಟ್ರೇಲರ್ ತುಂಬ ಕರೀ ಉಸುಕು ಹೇರಕೊಂಡು.
ಎರಕಾ ಹೊಯ್ದು ಹೊಯ್ದು
ಕಸುವು ಹ್ವಾದ ಉಸುಕು.
ಮೊದಲ ಇದು ರಾತ್ರಿ ಹೋಗತಿತ್ತು, ತೂಕಿಲ್ಲದ, ನಾಲಾದ ದಂಡಿಗೆ.
ಮಳಿಗಾಲದಾಗ ನಾಲಾ
ತಿರಗಿ ನಮ್ಮ ಹೊಸ್ತಿಲಕ್ಕ ತಂದು ಕೊಡತಿತ್ತು.

ಈಗ ಹಗಲ ಹೋಗತೈತಿ, ಚೀಟಿ ಹಿಡಕೊಂಡು,
ಜೈಬುನ್ನಿಸಾ ಆಪಾನ ಅಂಗಳಕ್ಕ.
ಅಲ್ಲಿ ಸಿಮೆಂಟಿನ ಜೋಡಿ ಕೂಡಿ
ಊರಿನ ಫುಟ್‌ಪಾತಿಗೆ ಬಿಲ್ಲೆ ಆಗತೈತಿ.

ಮೊದಲ ಸಲ 'ಮಾಲು' ಅನ್ನೂ ಖಾನೆದಾಗ
ನಾ 'ಕಸ' ಅಂತ ಬರದಿದ್ದೆ.
ಆಪಾ ಚಷ್ಮಾ ಏರಿಸಿ ಓದಿ, ಚೀಟಿ ತಿರಗಿ ಚಾಚಿದಳು:
"ತಂಗಿ, ಕಸಕ್ಕ ನಾ ರೊಕ್ಕಾ ಕೊಡೂದಿಲ್ಲ.
ಬ್ಯಾರೆ ಹೆಸರು ಬರಿ."

ಎಲ್ಲಾ ಸುರಳೀತ ಅಂತೇನಲ್ಲ.
ಮೊನ್ನೆ ಒಂದು ಗಾಡಿ ವಾಪಸ್ ಬಂತು:
ರಾಳದ ವಾಸನಿ, ಒಳಗ ಕಬ್ಬಿಣದ ಕಾಳು.
ಫೌಂಡ್ರಿ ಪಾಟಣೇಕರರು, ಆಪಾ
ನನ್ನ ಮೇಜಿನ ಮ್ಯಾಲಿನ ಫೋನಿನ್ಯಾಗ ಜಗಳಾಡಿದರು,
ಕಡೀಕ ಜರಡಿ ಯಾರ ಖರ್ಚು ಅನ್ನೂದಕ್ಕ ಬಂದು ನಿಂತರು.
ಅರ್ಧಾ ಅರ್ಧಾ.
ಜರಡಿ ಈಗ ಕಾಟಾದ ಹಿಂದ ಐತಿ,
ಅದು ಹಿಡದ ಕಬ್ಬಿಣ ಎಣ್ಣಿ ಡಬ್ಬಿಯೊಳಗ
ಕುಲುಮಿಗೆ ತಿರಗಿ ಹೋಗತೈತಿ.

ನಮ್ಮಪ್ಪ ಭರಮಾ ಮೂವತ್ತೊಂದು ವರ್ಷ ಮೋಲ್ಡರ್.
ಇದೇ ಉಸುಕು ಬಡದು ಬಡದು
ಪಂಪಿನ ಹೊಟ್ಟಿ ತಿದ್ದಿದಾಂವ.
ಅಂವ ರಿಟೈರ್ ಆಗ್ಯಾನ, ಉಗುರಿನ ಕರಿ ಆಗಿಲ್ಲ.
ಏನಂತ ಬರೀಲಿ, ಕೇಳಿದೆ.
"ಉಸುಕಿಗೆ ಉಸುಕ ಅನ್ನದ ಏನಂತಾರ?"

ಸಂಜೀಕ ಟಿಳಕವಾಡಿಗೆ ಕರಕೊಂಡು ಹೋದೆ,
ಹೊಸಾ ಫುಟ್‌ಪಾತ್ ತೋರಸಾಕ.
ಚಪ್ಪಲಿ ಬಿಟ್ಟು ಕುಂತ. ಅಂಗೈಲೆ ಸವರಿದ
ಒಂದು ಬಿಲ್ಲೆ, ಮತ್ತ ಅದರ ಬಾಜೂದ್ದು.
ನಾ ಏನೋ ದೊಡ್ಡ ಮಾತಿಗೆ ಕಾದೆ.

"ಮೂಲ್ಯಾಗ ಸರಿಯಾಗಿ ಬಡದಿಲ್ಲ," ಅಂದ.
"ನಿಮ್ಮ ಆಪಾಗ ಹೇಳು.
ಬೇಕಾದರ ನಾನ ಬಂದು ತೋರಸತೀನಿ."

ಶುಕ್ರವಾರದ ಚೀಟಿ.
ಮಾಲು: ಉಸುಕು.
ನಿವ್ವಳ: ಮೂರು ಸಾವಿರದ ನಾಕನೂರಾ ಇಪ್ಪತ್ತು ಕಿಲೋ.
ಮಡಗಾರ್ಡಿನ ಮ್ಯಾಲೆ ಕುಂತ ಅಪ್ಪನ್ನ
ಇಳಿಸಿ ತೂಗಿದೆ.