ಬೋಣಿಗೆ

ಬೈತಖೋಲದ ಐಸ್ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ನನ್ನದು.
ಹನ್ನೆರಡಕ್ಕೆ ತಾರೀಖು ಮಗುಚುತ್ತದೆ,
ಬೆಲೆಯೂ ಆಗಲೇ ಮಗುಚುವುದು.
ನಾನೂರ ಇಪ್ಪತ್ತು ಇದ್ದ ಸಾರಂಗಿ ಅರವತ್ತಮೂರು,
ಮೂರು ಗಂಟೆಯ ಮಾರವಾ ಮೂವತ್ತಕ್ಕೆ,
ಬೆಳಗಿನೊಳಗೆ ತಗೊಂಡರೆ ತಗೊಂಡೆ, ಇಲ್ಲದಿದ್ದರೆ ಇಲ್ಲ.
ಕಂಪ್ರೆಸರಿನ ಗುಂಯ್‌ಗೆ ಬೆನ್ನು ಕೊಟ್ಟು
ಅಮೋನಿಯಾ ವಾಸನೆಯ ಬೆರಳಲ್ಲಿ
ಪರದೆಯನ್ನು ಮೇಲೆ ತಳ್ಳುತ್ತ ಕೂರುತ್ತೇನೆ,
ಗಾಳ ಹಾಕಿ ಕೂತವನ ಹಾಗೆ.

ಬಲೆ ಬೀಸುವವರು ಮೀನಿನ ಜಾಗ ಹೇಳುವುದಿಲ್ಲ.
ನನ್ನಪ್ಪ ಬಾಂಗಡೆಯ ಹಿಂಡು ಕಂಡ ದಿನ
ದಡದಲ್ಲಿ ಕೇಳಿದವರಿಗೆಲ್ಲ
ತೆಂಕಕ್ಕೆ ಹೋಗಿದ್ದರೆ ಬಡಗು ತೋರಿಸುತ್ತಿದ್ದ.
ನನಗೆ ಆ ಗುಟ್ಟು ಹೊಟ್ಟೆಯಲ್ಲಿ ನಿಲ್ಲದು.
ಸಿಕ್ಕ ಕೂಡಲೇ ಮೂವರಿಗೆ ಕಳಿಸುತ್ತೇನೆ:
ಫಿಲೋಮಿನಾ, ಜಿಲ್ಲಾ ಆಸ್ಪತ್ರೆಯ ನರ್ಸಮ್ಮ,
ಪಿಯಾನೋ ಮಾತ್ರ, ಅದೂ ಒಬ್ಬರೇ ನುಡಿಸಿದ್ದು;
ಹಳಿಯಾಳದ ಜುಜೆ, ಮೀನಿನ ಲಾರಿ ಓಡಿಸುವವ,
ಘಾಟಿ ಹತ್ತುವಾಗ ನಿದ್ದೆ ಬಾರದಂಥದ್ದು ಯಾವುದಾದರೂ ಸೈ;
ಕೋಡಿಬಾಗದ ಪಾಂಡುರಂಗ ಶೇಟರು,
ಗುಲಗಂಜಿ ತೂಕದಲ್ಲಿ ಬದುಕಿದ ಮನುಷ್ಯ,
ಹಾಡೊಂದಕ್ಕೆ ಎಷ್ಟು ಪೈಸೆ ಬಿತ್ತು ಎಂದು
ಭಾಗಿಸಿ ನೋಡಿ ಆಮೇಲೆ ಕೊಳ್ಳುವವರು.
ಹೇಳಿದ್ದರಿಂದ ನನ್ನ ಪಾಲು ಕಡಿಮೆಯಾಗುವುದಿಲ್ಲ,
ಇದೊಂಥರಾ ವಿಚಿತ್ರ ಸಮುದ್ರ.
ನಾಲ್ವರೂ ಬುಟ್ಟಿ ಬುಟ್ಟಿ ತುಂಬಿಕೊಂಡರೂ
ಹಿಂಡು ಅಷ್ಟೇ ಇರುತ್ತದೆ.

ಆದರೂ ಒಂದು ಕೊರತೆ.
ಶೆವಂತಿ ಮಾವಶಿ ಪೇಟೆಯಲ್ಲಿ
ಇಸೋಣ ಮುಂದಿಟ್ಟುಕೊಂಡು ಕೂತಾಗ
ಅವಳ ಎದುರು ಕುಕ್ಕರಗಾಲಲ್ಲಿ ಕೂತು
ಕಿವಿರು ಎತ್ತಿ ನೋಡಿ, ಮೂಗು ಮುರಿದು,
ಎದ್ದು ಹೋದಂತೆ ಮಾಡಿ,
"ಬಾ ಇಲ್ಲಿ" ಅನ್ನಿಸಿಕೊಂಡು
ಹಾಗೆ ಇಳಿಸಿದ ಬೆಲೆಗೆ ಒಂದು ರುಚಿ.
ಇಲ್ಲಿ ನಾನು ಬಾಯಿ ತೆರೆಯುವ ಮೊದಲೇ
ತಾನಾಗಿ ಇಳಿದು ಕೂತಿರುತ್ತದೆ.
ಬೈಯುವವರಿಲ್ಲ.
ಒಂದು ಹಿಡಿ ಸಿಗಡಿ ಕೊಸರು ಹಾಕುವವರೂ ಇಲ್ಲ.

ಕಳೆದ ಮಂಗಳವಾರ, ಎರಡೂಕಾಲು.
ಟ್ರಾಲರುಗಳು ಇನ್ನೂ ಬಂದಿರಲಿಲ್ಲ.
ಅಗ್ಗದ್ದರ ಅಡಿಯಲ್ಲಿ, ತೀರ ಅಡಿಯಲ್ಲಿ, ಒಂದು ಸಿಕ್ಕಿತು:
"ತಿದಿ". ಏಳು ತುಣುಕು.
ಶಿರಸಿಯ ಯಲ್ಲಾಪುರ ನಾಕೆಯ ಬಳಿ
ಹಾರ್ಮೋನಿಯಂ ರಿಪೇರಿ ಮಾಡುವ ಅಹಲ್ಯಾ ಗುಡಿಗಾರ ಎಂಬವರು
ರಿಪೇರಿಗೆ ಬಂದ ಪೆಟ್ಟಿಗೆಗಳಲ್ಲೇ ನುಡಿಸಿದ್ದು.
ಇನ್ನೂರು ಅಂತ ಬರೆದು ಹೊಡೆದಿದ್ದಾರೆ.
ನೂರು, ಅದನ್ನೂ ಹೊಡೆದಿದ್ದಾರೆ.
ಇಪ್ಪತ್ತು. ಅದರ ಮೇಲೂ ಗೆರೆ.
ಕೆಳಗೆ: ಬೆಲೆ ನೀವೇ ಬರೆಯಿರಿ.
ಖಾಲಿ ಚೌಕ. ಅದರೊಳಗೆ ಒಂದು ಕಡ್ಡಿ
ದೇವಗಡದ ದೀಪದ ಹಾಗೆ
ಇದೆ, ಇಲ್ಲ, ಇದೆ, ಇಲ್ಲ.
ಸೊನ್ನೆ ಬರೆದರೂ ನಡೆಯುತ್ತದಂತೆ.
ಅಂಥದ್ದಕ್ಕೇ ಅಲ್ಲವೇ ನಾನು ನಿದ್ದೆಗೆಟ್ಟಿದ್ದು?
ಬೆರಳು ಸೊನ್ನೆಯ ಮೇಲೆ ಹೋಗಿಯೂ ಇತ್ತು.
ಆಗ ಕಂಡಿತು, ಸಣ್ಣ ಅಕ್ಷರದಲ್ಲಿ:
ಈವರೆಗೆ ಕೊಂಡವರು ಯಾರೂ ಇಲ್ಲ.

ಮಾವಶಿಗೆ ಗೊತ್ತಿರುವುದು ಒಂದೇ ಶಾಸ್ತ್ರ.
ಬೆಳಗಿನ ಮೊದಲ ಗಿರಾಕಿ ಚೌಕಾಶಿಗೆ ಇಳಿದರೆ
ಬುಟ್ಟಿಗೆ ಗೋಣಿ ಮುಚ್ಚಿ ಹೇಳುತ್ತಾಳೆ:
"ಬೋಣಿಗೆ ಹೊತ್ತಲ್ಲಿ ನಾಲಿಗೆ ಒಳಗಿಟ್ಟುಕೋ ಮಗಾ,
ಎರಡನೆಯವನಾಗಿ ಬಾ, ಆಮೇಲೆ ಜಗಳಾಡುವಾ."

ಇನ್ನೂರು ಬರೆದೆ.
ಅಳಿಸಿದೆ. ಪಗಾರಕ್ಕೆ ಇನ್ನೂ ಒಂಬತ್ತು ದಿನ.
ಇನ್ನೂರು ಬರೆದೆ.
ಅವರು ಅದನ್ನು ಕಣ್ಣಿಗೊತ್ತಿಕೊಂಡರೋ, ನಿದ್ದೆಯಲ್ಲಿದ್ದರೋ,
ಫೋನಿನ ದುಡ್ಡನ್ನು ಕಣ್ಣಿಗೊತ್ತಿಕೊಳ್ಳುವುದಾದರೂ ಹೇಗೋ.

ನಾಲ್ಕನೆಯ ತುಣುಕಿನಲ್ಲಿ ರಾಗವೇ ಇಲ್ಲ.
ಒಂದು ಮನೆ ನುಡಿಯದು. ಒತ್ತುತ್ತಾರೆ. ಬರೀ ಉಸಿರು.
ಸ್ಕ್ರೂ ಬಿಚ್ಚಿದ ಸದ್ದು, ಊದಿದ ಸದ್ದು,
ಯಾರೋ "ಚಾ ಆರೋಯ್ತು" ಅಂದದ್ದು.
ಮತ್ತೆ ಒತ್ತುತ್ತಾರೆ. ಉಸಿರು.
ಆರೂವರೆ ನಿಮಿಷಕ್ಕೆ ಸ್ವರ ಬರುತ್ತದೆ,
ಸ್ವಲ್ಪ ಒರಟಾಗಿ,
ಅಷ್ಟಕ್ಕೇ ತುಣುಕು ಮುಗಿಯುತ್ತದೆ.

ಮೂವರಿಗೂ ಕಳಿಸಿದೆ.
ಐದಕ್ಕೇ ಏಳುವ ಶೇಟರು ಕೇಳಿದರು: ಎಷ್ಟಕ್ಕೆ ಬಿತ್ತು?
ಟೈಪು ಮಾಡುವಷ್ಟರಲ್ಲಿ ದಕ್ಕೆಯಲ್ಲಿ ಹಾರ್ನು,
ಮೊದಲ ಟ್ರಾಲರು, ನಲವತ್ತು ಲಾದಿ ಐಸು ಬೇಕಂತೆ,
ಲಾದಿಗೆ ಹತ್ತು ರೂಪಾಯಿ ಬಿಡು ಎಂದು
ತಾಂಡೇಲ ಆಗಲೇ ಶುರುಮಾಡಿದ್ದ.
"ಬೋಣಿಗೆ" ಎಂದೆ, ಇಬ್ಬರಿಗೂ.